ಹತ್ತು ಗಿರಾಕಿಗಳ ಮುಖಪುಟ

ಜನವರಿ 6, 2025, ಸೋಮವಾರ

ಈ ಸಲ ಹೊಸ ವರ್ಷಕ್ಕೆ ಒಬ್ಬರೂ ಡೈರಿ ಕೊಡಲಿಲ್ಲ. ಗೊಬ್ಬರದಂಗಡಿ, ಬಟ್ಟೆಯಂಗಡಿ, ವಿಮೆ ಏಜೆಂಟು ಎಲ್ಲರೂ ಒಂದು ಕಾಲಕ್ಕೆ ತಂದು ಸುರಿಯುತ್ತಿದ್ದರು. ಅವರ ಕಾಗದಪತ್ರ ಟೈಪು ಮಾಡುತ್ತಿದ್ದವಳು ನಾನಲ್ಲವೇ. ಈಗ ಎಲ್ಲರ ಜೇಬಿನಲ್ಲೂ ಫೋನು, ಎಲ್ಲರೂ ಟೈಪಿಸ್ಟರೇ. ಹಾಗಾಗಿ ಹಳೇ ವರ್ಷದ ಡೈರಿಯಲ್ಲೇ ವಾರದ ಹೆಸರು ಹೊಡೆದುಹಾಕಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಣ್ಣ ಲಕ್ಷ್ಮೀಪತಿ ಅಂಗಡಿಗೆ ಬಂದ. ಕೂರಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಹಾಕಿ ಅಳತೆ ತೆಗೆದ.

"ಏನ್ ಅಳೀತಿದ್ದೀಯ?" ಅಂದೆ.

"ಓವನ್ನು ಎಲ್ಲಿ ಕೂರ್ತದೆ ಅಂತ ನೋಡ್ತಿದ್ದೆ ಕಣಮ್ಮ."

ಬೇಕರಿ ಮಾಡುತ್ತಾನಂತೆ. ತಾಲ್ಲೂಕು ಕಚೇರಿಗೆ ಬರುವ ಜನಕ್ಕೆ ಈಗ ಅರ್ಜಿಗಿಂತ ಎಗ್ ಪಫ್ ಮುಖ್ಯವಂತೆ. ಇದೇ ಅಂಗಡಿಯಲ್ಲಿ ಅಪ್ಪ ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತು ವರ್ಷ ಮಧುಗಿರಿಯ ಅರ್ಜಿಗಳನ್ನೆಲ್ಲ ಬಡಿದರು. ಇಪ್ಪತ್ತೊಂದು ವರ್ಷದಿಂದ ನಾನು ಕಂಪ್ಯೂಟರ್ ಇಟ್ಟುಕೊಂಡು ಬಡಿಯುತ್ತಿದ್ದೇನೆ. ಕಟ್ಟಡ ಮಾತ್ರ ಅಣ್ಣನ ಹೆಸರಿಗೆ. ಮದುವೆಯಾಗದೆ ಉಳಿದ ನನಗೆ ಅಂಗಡಿಯೇ ಗಂಡ ಅಂತ ಅಮ್ಮ ಹೇಳುತ್ತಿದ್ದಳು. ಗಂಡನನ್ನು ಎಗ್ ಪಫ್‌ಗೆ ಬಿಟ್ಟುಕೊಡುವ ಹೆಂಗಸು ನಾನಲ್ಲ.

ಸುಮ್ಮನಿರಲಾರದೆ ಹೇಳಿಬಿಟ್ಟೆ: ನಾನೀಗ ಟೈಪಿಸ್ಟ್ ಅಲ್ಲ, ವೆಬ್‌ಸೈಟ್ ಡಿಸೈನರ್. ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿ ಗಿರಾಕಿ ತರಿಸಿಕೊಡುತ್ತೇನೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಆಯ್ತು ಕಣೆ ವರಲಕ್ಷ್ಮಿ. ಯಾವ್ದಾರ ಒಂದು ವೆಬ್‌ಸೈಟ್ ಮಾಡು. ಯುಗಾದಿ ಒಳಗೆ ಅದನ್ನ ನೋಡ್ಕೊಂಡು ಹತ್ತು ಗಿರಾಕಿ ಬರ್ಲಿ. ಬಂದ್ರೆ ಅಂಗಡಿ ನಿಂದೇ. ಬರ್ಲಿಲ್ಲ ಅಂದ್ರೆ ಬೀಗದ ಕೈ ನಂಗೆ ಕೊಟ್ಬುಡು."

"ಹತ್ತಲ್ಲ, ಹದಿನೈದು ಬರ್ತಾರೆ ಹೋಗು," ಅಂದೆ.

ಇನ್ನು ವೆಬ್‌ಸೈಟ್ ಮಾಡುವುದು ಹೇಗೆಂದು ಕಲಿಯಬೇಕು.

ಜನವರಿ 9, ಗುರುವಾರ

ಯೂಟ್ಯೂಬಿನ ಅನಿಲ್ ಕುಮಾರ್ ಸರ್ ಅವರ 'ಗಿರಾಕಿ ಗೆಲ್ಲುವ ವೆಬ್‌ಸೈಟ್: ಏಳು ಪಾಠಗಳು' ಮೂರು ದಿನದಲ್ಲಿ ನೋಡಿ ಮುಗಿಸಿದೆ. ಕನ್ನಡದಲ್ಲೇ ಹೇಳುತ್ತಾರೆ, ಆದರೆ ಟೈ ಕಟ್ಟಿಕೊಂಡು ಹೇಳುತ್ತಾರೆ. ಮೊದಲ ಪಾಠ: ಗಿರಾಕಿಗೆ ಮೂರು ಸೆಕೆಂಡಿನಲ್ಲಿ ನಂಬಿಕೆ ಹುಟ್ಟಬೇಕು.

ನಂಬಿಕೆ ಹುಟ್ಟಿಸಲು ಒಬ್ಬ ವ್ಯಾಪಾರಿಯಾದರೂ ಬೇಕಲ್ಲ. ಟೈಲ್ಸಿನವರು, ಶಾಮಿಯಾನದವರು, ಬೆಳ್ಳಿ ಅಂಗಡಿಯವರು ಎಲ್ಲರೂ 'ನೋಡೋಣ' ಅಂದರು. ಮಧುಗಿರಿಯಲ್ಲಿ ನೋಡೋಣ ಅಂದರೆ ಬೇಡ ಅಂತ ಅರ್ಥ. ಕೊನೆಗೆ ಸಿಕ್ಕಿದ್ದು ಕೊಡಿಗೇನಹಳ್ಳಿಯ ಮಂಜಮ್ಮ. ಐವತ್ತು ದಾಟಿದ ಹೆಂಗಸು. ಬಾಡೂಟಕ್ಕೆ ಮುದ್ದೆ, ಸಾರು ಮಾಡಿಕೊಡುವ ಆರು ಹೆಂಗಸರ ತಂಡ ಕಟ್ಟಿದ್ದಾರೆ. ವಿಸಿಟಿಂಗ್ ಕಾರ್ಡು ಮಾಡಿಸಲು ಬಂದವರನ್ನು ಹಿಡಿದು ಕೂರಿಸಿ, ಅಣ್ಣನ ಪಂಥದ ಕಥೆಯನ್ನೂ ಹೇಳಿ, ಪುಕ್ಕಟೆ ಎಂದು ಒಪ್ಪಿಸಿದೆ.

ಮಧ್ಯಾಹ್ನ ಫೋಟೋ ತೆಗೆಯಲು ಅವರ ಮನೆಗೆ ಹೋದೆ. ಊರ ಕೊನೆಯ ಕಾಲೋನಿಯಲ್ಲಿ ಮೂರನೇ ಮನೆ. ನಾನು ಜಾತಿಗೀತಿ ನೋಡುವವಳಲ್ಲ, ಆದ್ದರಿಂದ ಆ ವಿಷಯ ಇಲ್ಲಿ ಬರೆಯುವುದಿಲ್ಲ.

ಅಂಗಳದಲ್ಲಿ ಒಲೆ ಹೂಡಿ ಮುದ್ದೆ ಮಾಡಿ ತೋರಿಸಿದರು. ಆ ತಪ್ಪಲೆಯಲ್ಲಿ ನನ್ನನ್ನೇ ಕೂರಿಸಬಹುದು. ಒಬ್ಬಾಕೆ ಕವೆಗೋಲಿನಿಂದ ತಪ್ಪಲೆಯನ್ನು ಒತ್ತಿ ಹಿಡಿದರೆ ಮಂಜಮ್ಮ ಎದೆಯುದ್ದದ ಮುದ್ದೆಕೋಲಿನಲ್ಲಿ ಹಿಟ್ಟು ತಿರುವುತ್ತಾರೆ. ಒಂದು ಗಂಟಿಲ್ಲ. ಮುದ್ದೆ ಕಟ್ಟಿದರೆ ಮೇಲೆ ಎಣ್ಣೆ ಸವರಿದಂತೆ ಹೊಳಪು. ನೂರಾ ನಲವತ್ತು ಫೋಟೋ ತೆಗೆದೆ.

"ಇಷ್ಟು ಚೆನ್ನಾಗಿ ಮಾಡ್ತೀರ, ಎಲ್ಲಿಂದೆಲ್ಲ ಕರೀತಾರೆ?"

"ನಮ್ಮೋರ ಮನೆ ಕಾರ್ಯಕ್ಕೆ ಕರೀತಾರೆ, ಆಸ್ಟೆಲ್ ಫಂಕ್ಷನ್‌ಗೆ ಕರೀತಾರೆ. ಬ್ಯಾರೇರು ರುಚಿ ಕೇಳ್ಕಂಡು ವೀಳ್ಯ ತಗಂಡು ಬತ್ತಾರೆ ಕಣಮ್ಮ. ಊರಾಗೆ ಮನೆ ಯಾವುದು ಅಂತ ವಿಚಾರುಸ್ತಾರೆ. ಆಮೇಲೆ ಕಾಲೋನಿ ತಿರುವ್ನಾಗೇ ಗಾಡಿ ತಿರುಗುಸ್ಕಂಡು ಓಯ್ತಾರೆ."

ನಮ್ಮ ಕಡೆ ಅಡುಗೆಯವರನ್ನು ಗೊತ್ತು ಮಾಡಬೇಕಾದರೆ ಅವರ ಮನೆಗೇ ಹೋಗಿ ಎಲೆ ಅಡಿಕೆ ಇಟ್ಟು ವೀಳ್ಯ ಕೊಡಬೇಕು. ಸಮಸ್ಯೆ ಇರುವುದೇ ಈ ಹಳೇ ಪದ್ಧತಿಯಲ್ಲಿ ಎಂದು ನನಗೆ ತಕ್ಷಣ ಹೊಳೆಯಿತು. "ಇನ್ಮೇಲೆ ಯಾರೂ ಬಂದು ನೋಡೋ ಹಂಗೇ ಇಲ್ಲ. ಎಲ್ಲ ಫೋನಲ್ಲೇ ಬುಕಿಂಗು," ಅಂದೆ. ಮಂಜಮ್ಮ ಒಳಕ್ಕೆ ತಿರುಗಿ ಮಗಳನ್ನು ಕರೆದರು.

ಮಗಳು ಸುನಿತಾ, ಬಿ.ಎಡ್. ಓದುವ ಹುಡುಗಿ, ಲೋಟದಲ್ಲಿ ನೀರು, ತಟ್ಟೆಯಲ್ಲಿ ಮುದ್ದೆ ಸಾರು ತಂದಿಟ್ಟಳು. ನನಗೆ ಗ್ಯಾಸ್ಟ್ರಿಕ್ ಇತ್ತು, ಬೇಡ ಅಂದೆ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಮೂರು ಮೆಣಸಿನಕಾಯಿ ಬೋಂಡ ತಿಂದು, ಬಾಟಲಿ ನೀರು ಕೊಂಡು ಕುಡಿದೆ.

ಜನವರಿ 18, ಶನಿವಾರ

ವೆಬ್‌ಸೈಟ್ ಸಿದ್ಧ! 'ಮಂಜಮ್ಮ ಮುದ್ದೆ ಬಳಗ' ಎಂದು ಅವರು ಇಟ್ಟುಕೊಂಡ ಹೆಸರು ನಾಲಿಗೆಗೆ ಹತ್ತುವುದಿಲ್ಲ. 'ಮಧುಗಿರಿ ನಾಟಿ ರುಚಿ' ಎಂದು ಬದಲಾಯಿಸಿದೆ. ಎರಡನೇ ಪಾಠದ ಪ್ರಕಾರ ಫೋಟೋದ ಹಿನ್ನೆಲೆ ಸ್ವಚ್ಛವಾಗಿರಬೇಕು. ತಪ್ಪಲೆಯ ಹಿಂದಿನ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಂಬೇಡ್ಕರ್ ಫೋಟೋ ಇತ್ತು. ಗೋಡೆಯನ್ನೇ ತೆಗೆದು ಹಸಿರು ರಾಗಿ ಹೊಲ ಕೂರಿಸಿದೆ. ಊರಿನ ಹೆಸರೂ ತೆಗೆದೆ. ವಾಟ್ಸಾಪ್ ಗುಂಡಿ ಒತ್ತಿದರೆ ನನ್ನ ನಂಬರಿಗೇ ಬರುತ್ತದೆ.

ತೋರಿಸಲು ಕೊಡಿಗೇನಹಳ್ಳಿಗೆ ಹೋಗಿದ್ದೆ. ಸುನಿತಾ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಮೇಡಂ, ನಮ್ಮನೆ ಗೋಡೆ ಎಲ್ಲೋಯ್ತು?"

"ಅದೆಲ್ಲ ಡಿಸೈನ್ ಸುನಿತಾ. ನೋಡೋರ ಕಣ್ಣು ಮುದ್ದೆ ಮೇಲೆ ಇರ್ಬೇಕು, ಗೋಡೆ ಮೇಲಲ್ಲ."

ಊಟಕ್ಕೆ ಏಳಿ ಅಂದರು. ಶನಿವಾರ ಹೊರಗೆ ಏನೂ ಮುಟ್ಟಬಾರದೆಂದು ಈ ವಾರದಿಂದ ಇಟ್ಟುಕೊಂಡಿದ್ದೇನೆ.

ಫೆಬ್ರವರಿ 3, ಸೋಮವಾರ

ಹದಿನಾರು ದಿನದಲ್ಲಿ ವೆಬ್‌ಸೈಟನ್ನು ಇನ್ನೂರ ಹನ್ನೆರಡು ಸಲ ನೋಡಿದ್ದಾರೆ. ಅದರಲ್ಲಿ ನೂರಾ ತೊಂಬತ್ತು ಸಲ ನೋಡಿದವಳು ನಾನೇ. ವಾಟ್ಸಾಪಿಗೆ ಆರು ಜನ ಬಂದರು. ಬೆಲೆ ಕೇಳಲಿಲ್ಲ, ಸಾರಿಗೆ ಏನೇನು ಹಾಕುತ್ತೀರೆಂದು ಕೇಳಲಿಲ್ಲ. ಆರೂ ಜನ ಕೇಳಿದ್ದು ಒಂದೇ: "ಅಡುಗೆಯವರು ಯಾರ ಪೈಕಿ?" ಕೊರಟಗೆರೆಯವರೊಬ್ಬರು ಸ್ವಲ್ಪ ನಯವಾಗಿ, "ನಮ್ಮೋರೇ ತಾನೆ ಮೇಡಂ?" ಅಂದರು.

'ಎಲ್ಲರ ಪೈಕಿ' ಎಂದು ಬರೆದೆ. ಓದಿದ ನೀಲಿ ಟಿಕ್ಕು ಬಂತು, ಉತ್ತರ ಬರಲಿಲ್ಲ. ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗೆ ವೆಬ್‌ಸೈಟಿನಲ್ಲೇ ಉತ್ತರ ಬರೆದಿಡಿ ಅನ್ನುತ್ತದೆ ನಾಲ್ಕನೇ ಪಾಠ. ಅನಿಲ್ ಕುಮಾರ್ ಸರ್ ಬೀಗರೂಟಕ್ಕೆ ಅಡುಗೆಯವರನ್ನು ಗೊತ್ತು ಮಾಡಿದವರಲ್ಲ ಅನ್ನಿಸುತ್ತದೆ.

ಗಿರಾಕಿ ಸೊನ್ನೆ. ಅಣ್ಣ ದಿನಾ ಬೆಳಿಗ್ಗೆ ಒಂದೊಂದು ಓವನ್ನಿನ ಚಿತ್ರ ಕಳಿಸುತ್ತಿದ್ದಾನೆ.

ಫೆಬ್ರವರಿ 11, ಮಂಗಳವಾರ

ಐದನೇ ಪಾಠ: ಮುಖಪುಟದಲ್ಲಿ ಒಂದು ಮನುಷ್ಯನ ಮುಖ ಇರಲಿ, ನಂಬಿಕೆ ತಾನಾಗಿ ಹುಟ್ಟುತ್ತದೆ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಮಂಜಮ್ಮನ ಫೋಟೋಗಳಲ್ಲಿ ಬೆಳಕು ಸರಿಯಿಲ್ಲ. ಇನ್ನೊಮ್ಮೆ ಹೋಗಿ ತೆಗೆಯಲು ಸಮಯವೂ ಇಲ್ಲ. ಆದ್ದರಿಂದ ಅಮ್ಮನ ಮೈಸೂರು ರೇಷ್ಮೆ ಉಟ್ಟು, ಹಣೆಗೆ ಕಾಸಿನಗಲ ಕುಂಕುಮ ಇಟ್ಟು, ಹಿಂದೆ ಡಿಸೈನಿಗೆಂದು ಮಂಜಮ್ಮನ ಮನೆಯಿಂದ ತಂದಿದ್ದ ಮುದ್ದೆಕೋಲು ಹಿಡಿದು, ಸ್ಟುಡಿಯೋದ ಗೌರೀಶನ ಕೈಲಿ ನನ್ನದೇ ಫೋಟೋ ತೆಗೆಸಿ ಹಾಕಿದೆ. ಕೆಳಗೆ 'ನಿಮ್ಮ ಮನೆಯವರ ಕೈರುಚಿ' ಎಂದು ಬರೆದೆ. ನಾನೇ ಅಡುಗೆಯವಳು ಎಂದು ಎಲ್ಲೂ ಬರೆದಿಲ್ಲ. ಕೋಲು ಹಿಡಿದು ನಿಂತಿದ್ದೇನೆ, ಅಷ್ಟೇ. ಇದು ಸುಳ್ಳಲ್ಲ, ಡಿಸೈನು.

ಫೆಬ್ರವರಿ 20, ಗುರುವಾರ

ನಾಲ್ಕು ಬುಕಿಂಗ್!! ಶಿರಾ ಎರಡು, ಕೊರಟಗೆರೆ ಒಂದು, ಮಧುಗಿರಿ ಒಂದು! ಅನಿಲ್ ಕುಮಾರ್ ಸರ್ ಪಾದಕ್ಕೆ ಅಡ್ಡಬಿದ್ದೆ!

ಅದರಲ್ಲಿ ಒಬ್ಬರು, ಶಿರಾ ಕಡೆಯ ಬೋರಪ್ಪನವರು, ಪಟ್ಟನಾಯಕನಹಳ್ಳಿಯ ಹತ್ತಿರದ ದೊಡ್ಡ ಕುಳ. ಮಗಳ ಮದುವೆಯ ಬೀಗರೂಟ, ಆರುನೂರು ಜನ. ಹಳೇ ಕಾಲದವರು, ಫೋನಿನಲ್ಲಿ ನಂಬಿಕೆ ಸಾಲದೆ ಅಂಗಡಿಗೇ ವೀಳ್ಯ ತಂದರು. ನನ್ನನ್ನು ನೋಡಿದರು, ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು.

"ಓ, ಟೈಪು ಚಂದ್ರಯ್ಯನೋರ ಮಗಳಾ ನೀನು? ಅಂಗಾರೆ ಇನ್ನೇನಮ್ಮ, ನಮ್ಮೋರೇ ಆದ್ರಿ. ಇನ್ನ ನಾನ್ ಏನೂ ಕೇಳಕಿಲ್ಲ."

ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ವೀಳ್ಯ ಈಸಿಕೊಂಡೆ.

ಮಾರ್ಚ್ 4, ಮಂಗಳವಾರ

ಗಿರಾಕಿ ಒಂಬತ್ತಾಯಿತು. ಇನ್ನೊಂದೇ ಒಂದು. ಅಣ್ಣನಿಗೆ ಪಟ್ಟಿ ಕಳಿಸಿದೆ, ಈಗ ಓವನ್ನಿನ ಚಿತ್ರ ಬರುವುದು ನಿಂತಿದೆ.

ಸಂಜೆ ಮಂಜಮ್ಮ ಅಂಗಡಿಗೆ ಬಂದರು. ಸುನಿತಾ ಮುಖಪುಟ ತೋರಿಸಿದಳಂತೆ. ಬೈಯುತ್ತಾರೆ ಎಂದುಕೊಂಡು ಮೊದಲೇ ನಾನೇ ಶುರುಮಾಡಿದೆ. ಮೂರು ಸೆಕೆಂಡು, ನಂಬಿಕೆ, ಬೆಳಕು, ಐದನೇ ಪಾಠ ಎಲ್ಲ ಹೇಳಿದೆ. ಅವರು ಸ್ಟೂಲಿನ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡರು.

"ಚೆಂದಾಗಿ ಕಾಣ್ತೀರ ಕಣಮ್ಮ ಫೋಟೋದಾಗೆ," ಅಂದರು. "ಸೀರೆನೂ ಚೆಂದಾಗೈತೆ."

"ಬೇಜಾರಿಲ್ಲ ತಾನೆ?"

"ನಂಗ್ಯಾಕೆ ಬೇಜಾರು? ನಿಮ್ ಮಕ ನೋಡಿ ಕರ್ದವ್ರೆ. ಬೋರಪ್ಪನೋರ ಮನೆ ಊಟಕ್ಕೆ ಬಂದ್ಬುಡಿ. ಮುದ್ದೆ ನೀವೇ ತಿರುವಿ, ನಾನು ಕವೆಗೋಲು ಇಡ್ಕತೀನಿ."

ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. ಟೀ ತರಿಸುತ್ತೇನೆ ಅಂದೆ. ಗ್ಯಾಸ್ಟ್ರಿಕ್ ಐತೆ ಕಣಮ್ಮ ಅಂದು ಎದ್ದು ಹೋದರು. ಪಾಪ, ಹೊತ್ತು ಹೊತ್ತಿಗೆ ಊಟ ಮಾಡುವುದಿಲ್ಲವೇನೋ.

ಮಾರ್ಚ್ 9, ಭಾನುವಾರ

ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿವೆ. ಪೆನ್ನು ಹಿಡಿಯಲು ಆಗುತ್ತಿಲ್ಲ, ಆದರೂ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಗಿನ ಜಾವ ವ್ಯಾನಿನಲ್ಲಿ ಆರು ಹೆಂಗಸರು, ತಪ್ಪಲೆಗಳು, ನಡುವೆ ರೇಷ್ಮೆ ಸೀರೆ ಉಟ್ಟ ನಾನು. ಬೋರಪ್ಪನವರ ತೋಟದ ಮನೆಯ ಹಿಂದೆ ಒಲೆ ಹೂಡಿದರು. ಮಂಜಮ್ಮ ಹೇಳಿದ್ದನ್ನು ಮಾಡಿಯೇ ಬಿಟ್ಟರು. ಬೀಗರ ಕಡೆಯ ಹೆಂಗಸರು ನೋಡಲು ಬಂದಾಗಲೆಲ್ಲ ಮುದ್ದೆಕೋಲು ನನ್ನ ಕೈಗೆ ಬರುತ್ತಿತ್ತು. ಮೊದಲ ತಪ್ಪಲೆಯಲ್ಲಿ ಎರಡು ಸುತ್ತು ತಿರುವುವಷ್ಟರಲ್ಲಿ ನನ್ನ ರಟ್ಟೆ ಸತ್ತುಹೋಯಿತು. ಹಿಟ್ಟು ಗಂಟಾಯಿತು. "ಅಯ್ಯೋ ಶಿವನೇ, ಬುಡಿ ಬುಡಿ," ಎಂದು ಮಂಜಮ್ಮ ಕಿತ್ತುಕೊಂಡು ಹತ್ತೇ ನಿಮಿಷದಲ್ಲಿ ಗಂಟೆಲ್ಲ ಒಡೆದರು. ಹೆಂಗಸರು ಮತ್ತೆ ಬಂದರು, ಮತ್ತೆ ಕೋಲು ನನ್ನ ಕೈಗೆ. ಇಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಹೊಗೆಗೆ ಕಣ್ಣು ಉರಿದು, ಗಂಟಲು ಒಣಗಿ, ಪಕ್ಕದಲ್ಲಿ ಯಾರದೋ ಚೊಂಬು ಸಿಕ್ಕಿತು, ಗಟಗಟ ಕುಡಿದೆ.

ಹನ್ನೆರಡೂವರೆಗೆ ಪಂಕ್ತಿ ಶುರುವಾಯಿತು. ಹಾಕಿದ ಮುದ್ದೆ ಹಾಕಿದಂತೆ ಖಾಲಿ. ಬೀಗರು ಮೂರನೇ ಮುದ್ದೆ ಕೇಳಿದರು. ಬೋರಪ್ಪನವರು ಹಿತ್ತಲಿಗೇ ಬಂದು, ಒಲೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಏನಂದ್ರೂ ನಮ್ಮೋರ ಕೈರುಚಿನೇ ಬ್ಯಾರೆ ಬುಡ್ರಪ್ಪ!"

ನನ್ನ ಹಿಂದೆ ಮಂಜಮ್ಮ ಮುದ್ದೆ ಕಟ್ಟುತ್ತಿದ್ದರು. ಕೈ ನಿಲ್ಲಲಿಲ್ಲ, ತಲೆ ಎತ್ತಲಿಲ್ಲ. ನನಗೆ ಮಾತ್ರ ಕಿವಿಯೆಲ್ಲ ಬಿಸಿಯಾಯಿತು. ಒಲೆಯ ಝಳ ಇದ್ದರೂ ಇರಬಹುದು.

ಕೊನೆಗೆ ಎಲ್ಲರ ಜೊತೆ ಹಿತ್ತಲಲ್ಲಿ ಕುಳಿತು ಎರಡು ಮುದ್ದೆ ಉಂಡೆ. ಸಾರಿಗೆ ಉಪ್ಪು ಒಂದು ಹರಳು ಮುಂದಿತ್ತು.

ಬರುವಾಗ ವ್ಯಾನಿನಲ್ಲಿ ಮಂಜಮ್ಮ ಅಂದರು, "ವರಲಕ್ಷ್ಮಮ್ಮ, ಉಂಡೋರು ಉಂಡ್ರು, ನಂಗ್ ಅಷ್ಟ್ ಸಾಕು. ಆ ಮುಖಪುಟದಾಗೆ ಇನ್ನ ನನ್ ಫೋಟೋ ಆಕ್ಬುಡಿ. ನಮ್ ಗೋಡೆನೂ ಆಕಿ."

"ಹಾಕಿದ್ರೆ ಇರೋ ಗಿರಾಕಿನೂ ಹೋಗ್ತಾರೆ!"

"ಓಗ್ಲಿ. ಅಂಗಂತ ಈಗ್ಲೇ ಬ್ಯಾಡ. ಯುಗಾದಿ ಕಳೀಲಿ. ನಿಮ್ ಅಂಗಡಿ ಉಳ್ಕಳ್ಳಿ, ಆಮೇಲ್ ಆಕಿ. ಇಷ್ಟ್ ದಿನ ತಡ್ಕಂಡಿವ್ನಿ, ಇನ್ನೊಂದಿಪ್ಪತ್ ದಿನ ನಂಗೇನ್ ಆಗಕಿಲ್ಲ."

ನ್ಯಾಯವಾದ ಮಾತು. ಯುಗಾದಿಯ ನಂತರ ಹಾಕುವುದೆಂದು ತೀರ್ಮಾನಿಸಿದೆ.

ಮಾರ್ಚ್ 11, ಮಂಗಳವಾರ

ಮುಖಪುಟ ಬದಲಾಯಿಸಿದೆ. ಇದಕ್ಕೂ ವ್ಯಾನಿನ ಮಾತಿಗೂ ಸಂಬಂಧವಿಲ್ಲ. ಗೌರೀಶ ತೆಗೆದ ನನ್ನ ಫೋಟೋ ತುಂಬ ಭಾರದ್ದು, ತೆರೆಯಲು ತಡವಾಗುತ್ತಿತ್ತು. ಮೂರು ಸೆಕೆಂಡು ಮುಖ್ಯ. ನಿನ್ನೆ ಕೊಡಿಗೇನಹಳ್ಳಿಗೆ ಹೋಗಿ ಹೊಸದಾಗಿ ತೆಗೆದೆ. ಬೆಳಕು ಅಲ್ಲಿ ಬೆಳಿಗ್ಗೆ ಬಹಳ ಚೆನ್ನಾಗಿರುತ್ತದೆ, ಅದು ನನಗೆ ಮೊದಲು ಗೊತ್ತಿರಲಿಲ್ಲ. ಮಂಜಮ್ಮ ತಪ್ಪಲೆಯ ಪಕ್ಕ ನಿಂತು ನೇರವಾಗಿ ನೋಡುತ್ತಾರೆ, ಹಿಂದೆ ಗೋಡೆ, ಬುದ್ಧನ ಪಟ, ಅಂಬೇಡ್ಕರ್ ಫೋಟೋ. ರಾಗಿ ಹೊಲ ಯಾಕೋ ಮೊದಲಿನಿಂದಲೂ ಕೃತಕವಾಗಿತ್ತು. ಹೆಸರು 'ಮಂಜಮ್ಮ ಮುದ್ದೆ ಬಳಗ, ಕೊಡಿಗೇನಹಳ್ಳಿ' ಎಂದು ಹಾಕಿದೆ. ನಾಲಿಗೆಗೆ ಹತ್ತುತ್ತದೆ.

"ಯುಗಾದಿ ಕಳೀಲಿ ಅಂದಿದ್ನಲ್ಲಮ್ಮ!" ಎಂದು ಮಂಜಮ್ಮ ಫೋನಿನಲ್ಲಿ ಗದರಿದರು.

"ನಿಮಗೆ ಡಿಸೈನ್ ಗೊತ್ತಾಗಲ್ಲ, ಸುಮ್ನಿರಿ," ಎಂದು ನಾನೂ ಗದರಿದೆ.

ಮಾರ್ಚ್ 13, ಗುರುವಾರ

ಇಬ್ಬರು ಬಿಟ್ಟುಹೋದರು. ಒಬ್ಬರ ಮನೆಯಲ್ಲಿ ಸೂತಕವಂತೆ. ಇನ್ನೊಬ್ಬರಿಗೆ ಡಾಕ್ಟರು ರಾಗಿ ಮುಟ್ಟಬೇಡಿ ಅಂದಿದ್ದಾರಂತೆ. ರಾಗಿ ಬೇಡವೆನ್ನುವ ಡಾಕ್ಟರು ತುಮಕೂರು ಜಿಲ್ಲೆಯಲ್ಲಿ ಬದುಕಿದ್ದಾನೆಯೇ?

ಮಾರ್ಚ್ 14, ಶುಕ್ರವಾರ

ಇನ್ನೂ ಮೂವರು. ಒಬ್ಬರ ತಾತನಿಗೆ ಹುಷಾರಿಲ್ಲ, ಒಬ್ಬರು ಊಟವನ್ನೇ ಮುಂದಕ್ಕೆ ಹಾಕಿದ್ದಾರೆ, ಒಬ್ಬರಿಗೆ ಇದ್ದಕ್ಕಿದ್ದಂತೆ ಗ್ಯಾಸ್ಟ್ರಿಕ್. ಎಂಥ ಜನವಪ್ಪ! ಬೇಡವಾದರೆ ಬೇಡ ಅನ್ನಬಾರದೇ? ಮುಖ ಕೊಟ್ಟು ಹೇಳಲಾರದೆ ಇಂಥ ನೆಪ ಹುಡುಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಾರ್ಚ್ 17, ಸೋಮವಾರ

ಇನ್ನೊಬ್ಬರು. ಕಾರಣ ಹೇಳುವಷ್ಟೂ ಶ್ರಮ ತೆಗೆದುಕೊಳ್ಳಲಿಲ್ಲ.

ಉಳಿದದ್ದು ಇಬ್ಬರು: ಕೊರಟಗೆರೆಯ ನಿವೃತ್ತ ಮೇಷ್ಟ್ರು, ಮಧುಗಿರಿಯ ಒಬ್ಬ ಗ್ಯಾರೇಜಿನವನು. ಆಗಿಹೋದ ಬೋರಪ್ಪನವರ ಊಟ ಸೇರಿಸಿದರೆ ಮೂರು. ಅಣ್ಣ ಓವನ್ನಿಗೆ ಅಡ್ವಾನ್ಸ್ ಕೊಟ್ಟನಂತೆ.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಬೋರಪ್ಪನವರು. ಹೊಸ ಮುಖಪುಟ ನೋಡಿದ್ದಾರೆ ಎಂದು ಇಳಿಯುವಾಗಲೇ ಗೊತ್ತಾಯಿತು. ಬೈಗುಳಕ್ಕೆ ಸಿದ್ಧಳಾಗಿ ಕುಳಿತೆ. ಅವರು ಬೈಯಲಿಲ್ಲ. ಬಾಗಿಲು ಅರ್ಧ ಮುಚ್ಚಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಹಿತ್ಲಾಗೆ ಮುದ್ದೆ ಕಟ್ತಿದ್ದಾಕೆ ಅಲ್ವೇನಮ್ಮ ಅದು?"

"ಹೌದು. ಆವತ್ತು ನೀವು ಉಂಡಿದ್ದು ಅವರ ಅಡುಗೆ."

"ಇರ್ಲಿ ಇರ್ಲಿ, ಉಂಡಾಗೋಯ್ತು. ನಂಗೇನಿಲ್ಲ ಕಣಮ್ಮ, ನಾನು ಅಂಥೋನಲ್ಲ. ಜನ ಅಂತ ಒಂದೈತಲ್ಲ? ಬೀಗರು ಇವತ್ತಿಗೂ ಆ ಸಾರಿನ್ ಮಾತೇ ಆಡ್ತವ್ರೆ. ನಮ್ ಅಣ್ತಮ್ಮಂದಿರ್ದೇ ಏಳು ಮನೆ ಕಾರ್ಯ ಬತ್ತಾವೆ. ಏಳೂ ನಿಮಗೇ ಕೊಡುಸ್ತೀನಿ, ಇವತ್ತೇ ಫೋನಾಗೆ ಬುಕ್ ಮಾಡುಸ್ತೀನಿ. ಆ ಮುಖಪುಟ ಮಾತ್ರ ಮೊದ್ಲಿನಂಗೆ ಮಾಡ್ಬುಡಿ. ಮುಖ ನಿಮ್ದಿರ್ಲಿ, ಕೈ ಅವರ್ದಿರ್ಲಿ. ಯಾರ್ಗ್ ಏನ್ ನಷ್ಟ?"

ಮೂರು, ಏಳು. ಹತ್ತು. ನಾಳೆ ಯುಗಾದಿ. ಹಳೆಯ ಫೋಟೋ ಕಂಪ್ಯೂಟರಿನಲ್ಲೇ ಇದೆ, ಮೂರು ಸಲ ಒತ್ತಿದರೆ ಮುಗಿಯಿತು. ನನ್ನ ಕೈ ಮೌಸಿನ ಮೇಲೆಯೇ ಇತ್ತು. ಅಂಗೈಯ ಬೊಬ್ಬೆ ಈಗ ಒಣಗಿ ಸಿಪ್ಪೆ ಏಳುತ್ತಿದೆ, ಬಟ್ಟೆಗೆ ಸಿಕ್ಕುತ್ತದೆ. ಅಂಗಡಿಯ ಗೋಡೆ, ಅಪ್ಪನ ಫೋಟೋ, ಕಿಟಕಿ, ಎಲ್ಲ ಒಂದು ಸಲ ನೋಡಿದೆ. ನನಗೆ ಈ ಅಂಗಡಿ ಬೇಕಿತ್ತು.

"ವೆಬ್‌ಸೈಟು ಮಂಜಮ್ಮಂದು. ಅವರನ್ನೇ ಕೇಳಿ," ಅಂದೆ. "ಕೊಡಿಗೇನಹಳ್ಳಿ ಕಾಲೋನಿ, ಮೂರನೇ ಮನೆ. ಹೋಗೋವಾಗ ವೀಳ್ಯ ತಗೊಂಡು ಹೋಗಿ. ಅಡುಗೆಯೋರ ಮನೆಗೇ ಹೋಗಿ ಕೊಡೋದಲ್ವೇ ಪದ್ಧತಿ?"

ಅವರು ನನ್ನನ್ನೇ ನೋಡಿ, "ಟೈಪು ಚಂದ್ರಯ್ಯನೋರು ಒಳ್ಳೆ ಮನುಷ್ಯ," ಎಂದು ಎದ್ದು ಹೋದರು. ನಾನು ಯಾಕೆ ಹಾಗೆ ಹೇಳಿದೆನೋ. ಮುಖಪುಟವನ್ನು ಪದೇ ಪದೇ ಬದಲಾಯಿಸಬಾರದು ಎಂದು ಏಳನೇ ಪಾಠದಲ್ಲಿದೆ, ಅದೇ ತಲೆಯಲ್ಲಿದ್ದಿರಬೇಕು.

ಮಾರ್ಚ್ 30, ಭಾನುವಾರ, ಯುಗಾದಿ

ಬೀಗದ ಕೈ ಕೊಟ್ಟೆ. ಅಣ್ಣನಿಗೂ ಕೈ ಚಾಚಲು ಒಂಥರಾ ಆಯಿತು. "ಮೂಲೇಲಿ ಒಂದು ಟೇಬಲ್ ಹಾಕ್ಕೋ ವರ, ಬೇಕರಿ ಬಿಲ್ಲು ಬರ್ಕೊಂಡಿರು," ಅಂದ. "ನಿನ್ ಎಗ್ ಪಫ್‌ಗೂ ವೆಬ್‌ಸೈಟ್ ಬೇಕಾದ್ರೆ ಬಾ," ಅಂದು ಬಂದುಬಿಟ್ಟೆ.

ಮನೆಗೆ ಬಂದು ಅತ್ತೆ. ಡೈರಿಗೆ ಯಾಕೆ ಸುಳ್ಳು ಹೇಳಲಿ.

ಏಪ್ರಿಲ್ 1, ಮಂಗಳವಾರ

ಯುಗಾದಿ ಮಾರನೆಯ ದಿನದ ಹೊಸತೊಡಕು ಈ ಸಲ ಬಾಡು ತಿನ್ನದ ಸೋಮವಾರ ಬಂತೆಂದು ಊರವರೆಲ್ಲ ಬಾಡಿನೂಟ ಇವತ್ತಿಗೆ ಹಾಕಿಕೊಂಡಿದ್ದಾರೆ. ಕಂಪ್ಯೂಟರನ್ನು ಎಲ್ಲಾದರೂ ಇಡಬೇಕಿತ್ತು. ಮಂಜಮ್ಮನ ಮುಂಬಾಗಿಲ ಕೋಣೆಯಲ್ಲಿ ಇಟ್ಟಿದ್ದೇನೆ. ಗಾಳಿ ಚೆನ್ನಾಗಿದೆ. ಹನ್ನೊಂದರ ಹೊತ್ತಿಗೆ ವೈರು ಸಿಕ್ಕಿಸುತ್ತಿದ್ದಾಗ ಅಂಗಳದಲ್ಲಿ ಸದ್ದು. ನೋಡಿದರೆ ಬೋರಪ್ಪನವರು! ಕಾರನ್ನು ತಿರುವಿನಲ್ಲಿ ಬಿಟ್ಟು ನಡೆದೇ ಬಂದಿದ್ದಾರೆ. ಕೈಯಲ್ಲಿ ತಟ್ಟೆ, ಎಲೆ, ಅಡಿಕೆ, ಬಾಳೆಹಣ್ಣು.

ಮಂಜಮ್ಮ ಕುರ್ಚಿ ಹಾಕಿಸಿದರು. ಸುನಿತಾ ನೀರು ತಂದು ಕೊಟ್ಟಳು. ಬೋರಪ್ಪನವರು ವೀಳ್ಯದ ತಟ್ಟೆಯನ್ನು ಮಂಜಮ್ಮನ ಮುಂದಿಟ್ಟು ಲೋಟ ಈಸಿಕೊಂಡರು. ಬೀದಿಯ ಕಡೆ ಒಂದು ಸಲ ನೋಡಿದರು. ಲೋಟವನ್ನು ಮೆಲ್ಲಗೆ ಕುರ್ಚಿಯ ಕಾಲಿನ ಹತ್ತಿರ ಇಟ್ಟರು.

"ಇವತ್ತು ಉಪಾಸ ಕಣಮ್ಮ," ಅಂದರು.

ಹೊಸತೊಡಕಿನ ದಿನ ಉಪವಾಸ! ಓಣಿಯ ತುಂಬ ಮಟನ್ ಸಾರಿನ ವಾಸನೆ ಬರುತ್ತಿತ್ತು. ನನಗೆ ನಗು ತಡೆಯಲಾಗದೆ ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿಕೊಂಡೆ. ಮಂಜಮ್ಮ ನಗಲಿಲ್ಲ. ಎದ್ದು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮರ್ಯಾದೆಯಿಂದ ಅವರ ಕೈಗೇ ಕೊಟ್ಟರು.

"ಉಪಾಸ ಮುಗುಸ್ಕಂಡು ಬನ್ನಿ ಸ್ವಾಮಿ. ನೀರೆಲ್ಲೂ ಓಗಕಿಲ್ಲ. ಇಲ್ಲೇ ಇರ್ತದೆ."

ಅವರು ಹೋದ ಮೇಲೆ ನಾನು ಸುಮಾರು ಹೊತ್ತು ಬೈದೆ. ಎಂಥ ಮನುಷ್ಯ, ಒಂದು ಗುಟುಕು ನೀರು ಕುಡಿದರೆ ಗಂಟು ಹೋಗುತ್ತಿತ್ತೇ? ಮಂಜಮ್ಮ ನನ್ನ ತಟ್ಟೆಗೆ ಮುದ್ದೆ ಹಾಕುತ್ತ ಅಂದರು, "ಬೈಬ್ಯಾಡಿ ಬುಡಿ. ನೀವ್ ನೀರು ಕುಡಿಯಕ್ಕೆ ಎಲ್ಡು ತಿಂಗಳು ಆಯ್ತು. ನಾನೂ ಎಣುಸ್ತಾ ಇದ್ದೆ."

ಏನೇನೋ ಹೇಳುತ್ತಾರೆ. ಆಗ ನನಗೆ ನಿಜವಾಗಿಯೂ ಗ್ಯಾಸ್ಟ್ರಿಕ್ ಇತ್ತು.

ಏಪ್ರಿಲ್ 4, ಶುಕ್ರವಾರ

ವೆಬ್‌ಸೈಟಿನಿಂದ 'ಈಗಲೇ ಬುಕ್ ಮಾಡಿ' ಗುಂಡಿ ತೆಗೆದುಹಾಕಿದೆ. ಅದರ ಜಾಗದಲ್ಲಿ ಮಂಜಮ್ಮ ಹೇಳಿ ಬರೆಸಿದ ನಿಯಮ ದಪ್ಪಕ್ಷರದಲ್ಲಿ ಹಾಕಿದೆ: 'ಊಟ ಒಪ್ಪಿಸುವವರು ಮನೆಗೆ ಬಂದು ವೀಳ್ಯ ಕೊಡಬೇಕು. ವೀಳ್ಯಕ್ಕೆ ಮೊದಲು ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯಬೇಕು.' ಅನಿಲ್ ಕುಮಾರ್ ಸರ್ ನೋಡಿದರೆ ಟೈ ಬಿಚ್ಚಿ ಎಸೆಯುತ್ತಾರೆ.

ಮೂರು ದಿನದಿಂದ ಒಂದು ವಾಟ್ಸಾಪ್ ಇಲ್ಲ. ಇವತ್ತು ಮಧ್ಯಾಹ್ನ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತ ಸೀದಾ ಒಳಗೇ ಬಂದರು. ನರಸಮ್ಮ ಅಂತ, ಆಂಧ್ರ ಗಡಿಯ ನಾಗಲಮಡಿಕೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಾರೆ, ಮಾತಿನ ತುಂಬ ತೆಲುಗು. ಮೊಮ್ಮಗನ ನಾಮಕರಣಕ್ಕೆ ಇನ್ನೂರು ಜನದ ಊಟ.

"ಎಂಡ ಚಾಲಾ ಐತಮ್ಮಾ, ಶ್ಯಾನೆ ಬಿಸ್ಲು, ಮೊದ್ಲು ನೀಳ್ಳು ಕೊಡ್ರಿ," ಎಂದು ಸುನಿತಾಳ ಕೈಯ ಚೊಂಬನ್ನು ತಾವೇ ಈಸಿಕೊಂಡು ಬಾಯಿಗಿಟ್ಟು ಗಟಗಟ ಕುಡಿದರು. ಖಾಲಿ ಮಾಡಿ ಇನ್ನೊಂದು ಕೇಳಿದರು.

"ವೆಬ್‌ಸೈಟ್ ನೋಡಿ ಬಂದ್ರಾ?" ಅಂದೆ.

"ಅದೇಂಟಮ್ಮಾ? ಬಸ್ಸಾಗೆ ಪಕ್ಕದ ಸೀಟ್ನಾಕೆ ಚೆಪ್ಪಿದ್ಲು. ಶಿರಾ ತಾವ ಯಾರ್ದೋ ಬೀಗರೂಟದಾಗೆ ಉಂಡಿದ್ಲಂತೆ. ಅಂಥಾ ಮುದ್ದೆ ಎಕ್ಕಡಾ ಇಲ್ಲಾಂತ."

ಆದರೂ ಡಿಸೈನರ್ ಆದವಳು ಪದ್ಧತಿ ಬಿಡಬಾರದು. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ನಿಯಮವನ್ನು ಪೂರ್ತಿ ಓದಿ ಹೇಳಿದೆ.

"ನೀಳ್ಳಿಗೂ ನಿಯಮಮಾ?" ಎಂದು ನರಸಮ್ಮ ಬಾಯಿ ತುಂಬ ನಕ್ಕು, ಚೊಂಬನ್ನು ಮತ್ತೆ ಮಂಜಮ್ಮನ ಕಡೆ ಚಾಚಿದರು.